ಯಮಾಮ ಯುದ್ಧಭೂಮಿ ಪ್ರವಾಸ: ಮಾರ್ಗದರ್ಶಿಗೆ ಪೂರ್ಣ ಅಂಕ, ಕಂಪನಿಗೆ ಅರ್ಧ

ರಿಯಾದ್‌ನಿಂದ ಹೊರಡುವ ಒಂದು ದಿನದ ಪ್ರವಾಸಗಳಲ್ಲಿ ಹೆಚ್ಚಿನವು ಮರಳುಗುಡ್ಡ, ಒಂಟೆ ಸವಾರಿ ಮತ್ತು ಬಂಡೆಯ ಅಂಚಿನಲ್ಲಿ ನಿಂತು ತೆಗೆಸಿಕೊಳ್ಳುವ ಫೋಟೋಗಳಲ್ಲೇ ಮುಗಿದುಹೋಗುತ್ತವೆ. ಹಾಗಿರುವಾಗ ‘ಮೊದಲ ಖಲೀಫರ ಕಾಲದ ಯುದ್ಧಗಳು: ಯಮಾಮ’ ಎಂದು ಹೆಸರಿಟ್ಟ ಪ್ರವಾಸವೊಂದು ಬುಕಿಂಗ್ ಆ್ಯಪ್‌ನಲ್ಲಿ ಕಣ್ಣಿಗೆ ಬಿತ್ತು. ಇದಕ್ಕೆ ಹೋಗುವವರು ಇದ್ದಾರೆಯೇ ಎಂಬ ಕುತೂಹಲದಿಂದಲೇ ಹಣ ಕಟ್ಟಿದೆ. ನಾನು ಈ ಊರಿನ ಲೆಕ್ಕಪರಿಶೋಧನಾ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಸೌದಿ ಪಾಲುದಾರರ ಪಾಲಿಗೆ ಶೇ 2.5ರ ಝಕಾತ್ (ಇಸ್ಲಾಂ ವಿಧಿಸುವ ಕಡ್ಡಾಯ ದಾನ), ವಿದೇಶಿ ಪಾಲುದಾರರ ಪಾಲಿಗೆ ಶೇ 20ರ ಆದಾಯ ತೆರಿಗೆ ಎಂದು ವರ್ಷವಿಡೀ ವಿಂಗಡಿಸುವುದೇ ನನ್ನ ಉದ್ಯೋಗ. ಕ್ರಿ.ಶ. 632ರಲ್ಲಿ ಪ್ರವಾದಿ ಮುಹಮ್ಮದರು ತೀರಿಕೊಂಡ ಮೇಲೆ ಅರೇಬಿಯಾ ಹೊತ್ತಿ ಉರಿದದ್ದು ಬಹುಮಟ್ಟಿಗೆ ಝಕಾತ್‌ನ ವಿಚಾರಕ್ಕೆ ಎಂದು ಗೊತ್ತಿದ್ದರೆ, ನನ್ನಂಥವನಿಗೆ ಈ ಪ್ರವಾಸದ ಆಕರ್ಷಣೆ ಏನೆಂದು ಅರ್ಥವಾದೀತು.

ಮೊದಲು ಕಂಪನಿಯ ವಿಷಯ ಮುಗಿಸಿಬಿಡುತ್ತೇನೆ. ಜಾಹೀರಾತಿನಲ್ಲಿ ‘ಎಲ್ಲ ಸೇರಿ 450 ರಿಯಾಲ್’ ಎಂದಿತ್ತು. ಕಟ್ಟುವಾಗ ಅದು 517 ರಿಯಾಲ್ 50 ಹಲಲ ಆಯಿತು. ಶೇ 15ರ ಮೌಲ್ಯವರ್ಧಿತ ತೆರಿಗೆ ‘ಎಲ್ಲ’ದರಲ್ಲಿ ಸೇರುವುದಿಲ್ಲವಂತೆ. ತೆರಿಗೆಯ ಜಗಳದಿಂದ ಹುಟ್ಟಿದ ಯುದ್ಧವನ್ನು ತೋರಿಸಲು ಕರೆದೊಯ್ಯುವವರು ತೆರಿಗೆಯನ್ನೇ ಹೀಗೆ ಬಚ್ಚಿಟ್ಟರೆ ಸಿಟ್ಟು ಬರುವುದಕ್ಕಿಂತ ನಗುವೇ ಬರುತ್ತದೆ. ಎಂಟು ಜನರ ಗುಂಪು ಎಂದು ಹೇಳಿ ಹನ್ನೊಂದು ಜನರನ್ನು ತುಂಬಿಸಿದ್ದರು. ಮೊದಲ ಖಲೀಫ ಅಬೂಬಕರ್ ಅವರು ಬಂಡೆದ್ದ ಕುಲಗಳ ಮೇಲೆ ಹನ್ನೊಂದು ಸೇನಾಧಿಪತಿಗಳಿಗೆ ಹನ್ನೊಂದು ಧ್ವಜ ಕಟ್ಟಿಕೊಟ್ಟು ಕಳುಹಿಸಿದರು ಎಂಬ ಕಥೆಗೆ ಹೊಂದಿಸಲೆಂದೇ ಹೀಗೆ ಮಾಡಿದ್ದಾರೋ ಏನೋ ಎಂದು ಹಿಂದಿನ ಸೀಟಿನಲ್ಲಿದ್ದ ಈಜಿಪ್ಟಿನ ಹಿರಿಯರೊಬ್ಬರು ಗೊಣಗಿದರು. ವ್ಯಾನಿನ ಎಸಿ ಚೆನ್ನಾಗಿತ್ತು, ಚಾಲಕ ನಿಧಾನಿ.

ಕೈಗೆ ಕೊಡುವ ಕರಪತ್ರ ಮಾತ್ರ ಕೆಟ್ಟದಾಗಿದೆ. ಅದರ ನಕ್ಷೆಯಲ್ಲಿ ಬುಝಾಖ ಎಂಬ ಯುದ್ಧಭೂಮಿ ಖಲೀಫರ ರಾಜಧಾನಿ ಮದೀನಾದ ದಕ್ಷಿಣಕ್ಕಿದೆ. ನಿಜಕ್ಕೂ ಅದಿರುವುದು ಈಶಾನ್ಯಕ್ಕೆ, ಅರೇಬಿಯಾದ ನಡುಭಾಗವಾದ ನಜ್ದ್‌ನಲ್ಲಿ, ಇಂದಿನ ಹಾಯಿಲ್ ಸೀಮೆಯ ಕಡೆಗೆ. ತಾನೂ ಪ್ರವಾದಿ ಎಂದಿದ್ದ ಯೆಮನ್‌ನ ಅಸ್ವದ್ ಅಲ್ ಅನ್ಸಿಯನ್ನು ಅಬೂಬಕರ್ ಅವರ ಸೇನೆ ಸೋಲಿಸಿತು ಎಂದು ಅಚ್ಚಾಗಿದೆ. ಅವನು ಪ್ರವಾದಿ ಮುಹಮ್ಮದರು ತೀರಿಕೊಳ್ಳುವ ಮೊದಲೇ ಫೈರೂಝ್ ಮತ್ತು ಸಂಗಡಿಗರ ಕೈಯಲ್ಲಿ ಸತ್ತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ ನನಗೆ ಹಿಡಿಸದಿದ್ದುದು ಅದರ ಮೊದಲ ಸಾಲು: ‘ಪ್ರವಾದಿಯವರ ನಂತರ ಅರಬರು ಇಸ್ಲಾಂ ತೊರೆದರು, ಅವರನ್ನು ಮರಳಿ ತರಲಾಯಿತು.’ ಹತ್ತು ಬಗೆಯ ಬಾಕಿಗಳನ್ನು ಒಂದೇ ಖಾತೆಗೆ ಬರೆದು ಕೂಡಿಸಿದಂತಿದೆ ಈ ಸಾಲು. ನಮ್ಮ ಕಚೇರಿಗೆ ಇಂಥ ಲೆಕ್ಕ ಬಂದಿದ್ದರೆ ಹಿಂದಕ್ಕೆ ಕಳುಹಿಸುತ್ತಿದ್ದೆವು.

ಈ ಪ್ರವಾಸವನ್ನು ಉಳಿಸಿದವನು ಮಾರ್ಗದರ್ಶಿ. ಮೂವತ್ತರ ಆಸುಪಾಸಿನ ಸೌದಿ ಯುವಕ, ತಮೀಮ್ ಬುಡಕಟ್ಟಿನವನು. ಇದನ್ನು ಅವನೇ ಮೊದಲು ಹೇಳಿಕೊಂಡ. “ಇವತ್ತಿನ ಕಥೆಯಲ್ಲಿ ನನ್ನ ಕುಲದವರು ಎರಡು ಕಡೆಯಲ್ಲೂ ಬರುತ್ತಾರೆ, ಹಾಗಾಗಿ ನಾನು ನಿಷ್ಪಕ್ಷಪಾತಿ ಅಲ್ಲ, ಎರಡು ಪಟ್ಟು ಪಕ್ಷಪಾತಿ” ಎಂದ. ಕರಪತ್ರವನ್ನು ಮಡಚಿ ಜೇಬಿಗೆ ಹಾಕಿಕೊಳ್ಳಲು ಹೇಳಿದವನೂ ಅವನೇ.

ಮೊದಲ ನಿಲುಗಡೆ ರಿಯಾದ್‌ನ ಹಳೆಯ ಭಾಗದಲ್ಲಿ. ಅಲ್ಲಿ ನೋಡಲು ಏನೂ ಇಲ್ಲ: ಅಂಗಡಿಗಳು, ವಾಹನ ನಿಲ್ಲಿಸುವ ಜಾಗ. ಆದರೆ ಹಜ್ರ್ ಎಂಬ ಊರು ಇದ್ದದ್ದು ಇದೇ ನೆಲದಲ್ಲಿ. ಅದು ಬನೂ ಹನೀಫ ಕುಲದ ಮುಖ್ಯ ಪಟ್ಟಣ, ಯಮಾಮ ಪ್ರಾಂತ್ಯದ ತಲೆ. ಪಕ್ಕದಲ್ಲಿ ಹರಿಯುವ ಕಣಿವೆಗೆ ವಾದಿ ಹನೀಫ ಎಂದು ಹೆಸರು ಬಂದದ್ದೂ ಆ ಕುಲದಿಂದಲೇ. ಪುಸ್ತಕಗಳಲ್ಲಿ ‘ಅರಬ್ ಬುಡಕಟ್ಟುಗಳ ದಂಗೆ’ ಎಂದು ಓದಿದವರಿಗೆ ಕಣ್ಣೆದುರು ಬರುವುದು ಡೇರೆ, ಒಂಟೆ, ಅಲೆಮಾರಿಗಳು. ಬನೂ ಹನೀಫದವರಲ್ಲಿ ಹೆಚ್ಚಿನವರು ಒಂದೆಡೆ ನೆಲೆ ನಿಂತ ಬೇಸಾಯಗಾರರು. ಅವರ ಗೋಧಿ ಮಕ್ಕಾಕ್ಕೆ ಹೋಗುತ್ತಿತ್ತು. ಅದೇ ಕುಲದ ಸುಮಾಮ ಬಿನ್ ಉಸಾಲ್ ಇಸ್ಲಾಂ ಸ್ವೀಕರಿಸಿದ ಮೇಲೆ ಮಕ್ಕಾಕ್ಕೆ ಧಾನ್ಯ ಕಳುಹಿಸುವುದನ್ನು ನಿಲ್ಲಿಸಿಬಿಟ್ಟಾಗ ಅಲ್ಲಿನ ಖುರೈಷಿಗಳು (ಪ್ರವಾದಿಯವರು ಹುಟ್ಟಿದ ಕುಲದವರು) ಕಂಗಾಲಾಗಿದ್ದರು. ಮುಂದೆ ಯಮಾಮ ಮದೀನಾದ ವಿರುದ್ಧ ಎದ್ದಾಗ ಆ ಸುಮಾಮ ಮದೀನಾದ ಪಕ್ಷದಲ್ಲೇ ಉಳಿದರು. ಕುಲಕ್ಕೆ ಕುಲವೇ ಒಂದು ಕಡೆ ಇತ್ತು ಎಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ.

ಎರಡನೆಯ ನಿಲುಗಡೆ ವಾದಿ ಹನೀಫದ ಖರ್ಜೂರದ ತೋಟಗಳ ನಡುವೆ. ಈ ಕಣಿವೆಯನ್ನು ಶುಚಿಗೊಳಿಸಿ ನೀರು ಹರಿಯುವಂತೆ ಮಾಡಿದ ಯೋಜನೆಗೆ 2010ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂದಿದೆ. ಚಾಪೆ ಹಾಸಿ, ಏಲಕ್ಕಿ ಹಾಕಿದ ಅರಬಿ ಕಾಫಿ ಕಹ್ವಾ ಬಗ್ಗಿಸಿ, ಖರ್ಜೂರದ ತಟ್ಟೆ ಇಟ್ಟರು. ಎಲ್ಲರೂ ತಿಂದು ಉಗಿದ ಬೀಜಗಳನ್ನು ಮಾರ್ಗದರ್ಶಿ ಒಟ್ಟುಗೂಡಿಸಿ ಚಾಪೆಯ ಮೇಲೆ ಸಾಲಾಗಿ ಜೋಡಿಸತೊಡಗಿದ. ಒಂದು ಬೀಜ ಒಂದು ಒಂಟೆ. ನಾಲ್ಕು ಒಂಟೆಗಳಿಗೆ ಝಕಾತ್ ಇಲ್ಲ. ಐದನೆಯದು ಬಂದರೆ ಒಂದು ಕುರಿ. ಹತ್ತಕ್ಕೆ ಎರಡು, ಹದಿನೈದಕ್ಕೆ ಮೂರು. “ಇಪ್ಪತ್ತನಾಲ್ಕು ಇದ್ದರೆ?” ಎಂದು ಕೇಳಿದೆ. “ನಾಲ್ಕೇ ಕುರಿ. ಇಪ್ಪತ್ತೈದಾದರೆ ಒಂದು ವರ್ಷ ತುಂಬಿದ ಹೆಣ್ಣು ಒಂಟೆಮರಿ” ಎಂದು ತಡವರಿಸದೆ ಹೇಳಿ, ಇಪ್ಪತ್ತೈದನೆಯ ಬೀಜವನ್ನು ಸಾಲಿನಿಂದ ಎತ್ತಿ ತನ್ನ ಕಡೆಗೆ ಎಳೆದುಕೊಂಡ. “ಈಗ ಹೇಳಿ, ಇದು ಎಲ್ಲಿಗೆ ಹೋಗುತ್ತದೆ? ನಿಮ್ಮ ಕುಲದ ಬಡವರಿಗೋ, ದೂರದ ಮದೀನಾಕ್ಕೋ?”

ಇಡೀ ಯುದ್ಧ ಆ ಒಂದು ಬೀಜದಲ್ಲಿತ್ತು. 632ರ ಜೂನ್‌ನಲ್ಲಿ ಪ್ರವಾದಿಯವರು ತೀರಿಕೊಂಡಾಗ ಎಷ್ಟೋ ಕುಲಗಳ ವಾದ ಸರಳವಾಗಿತ್ತು: ನಮ್ಮ ಒಪ್ಪಂದ ಅವರೊಂದಿಗೆ, ಅವರು ಹೋದರು, ಒಪ್ಪಂದವೂ ಹೋಯಿತು. ಪ್ರವಾದಿಯವರು ನಮ್ಮ ನಡುವೆ ಇದ್ದಷ್ಟು ದಿನ ಮಾತು ಕೇಳಿದೆವು, ಈ ಅಬೂಬಕರ್‌ಗೆ ನಾವೇಕೆ ತಲೆಬಾಗಬೇಕು, ಅವನು ಸತ್ತರೆ ಅವನ ಮಗನಿಗೂ ತಲೆಬಾಗಬೇಕೇ ಎಂಬ ಅರ್ಥದ ಪದ್ಯವೂ ಆ ಕಾಲದ್ದೇ. ಇವರಲ್ಲಿ ಹಲವರು ನಮಾಝ್ ಮಾಡುತ್ತೇವೆ, ಝಕಾತ್ ಮಾತ್ರ ಕೊಡುವುದಿಲ್ಲ ಎಂದವರು. ಉಸಾಮಾ ಅವರ ಸೇನೆ ಸಿರಿಯಾ ಗಡಿಯ ಕಡೆ ಹೊರಟಿದ್ದರಿಂದ ಮದೀನಾದಲ್ಲಿ ಕಾವಲಿಗೆ ಜನವೇ ಇಲ್ಲದ ಹೊತ್ತು. ಮುಂದೆ ಎರಡನೆಯ ಖಲೀಫರಾದ ಉಮರ್ ಅವರೇ ಸ್ವತಃ ಹಿಂದೇಟು ಹಾಕಿದರು: ಅಲ್ಲಾಹನಲ್ಲದೆ ಬೇರೆ ದೇವರಿಲ್ಲ ಎನ್ನುವವರ ಮೇಲೆ ಯುದ್ಧ ಮಾಡುವುದು ಹೇಗೆ? ಅಬೂಬಕರ್ ಅವರ ಉತ್ತರ ಪ್ರಸಿದ್ಧವಾದದ್ದು. ನಮಾಝನ್ನೂ ಝಕಾತನ್ನೂ ಬೇರೆ ಮಾಡುವವರ ಮೇಲೆ ಯುದ್ಧ ಮಾಡಿಯೇ ತೀರುತ್ತೇನೆ. ಪ್ರವಾದಿಯವರಿಗೆ ಕೊಡುತ್ತಿದ್ದ ಒಂಟೆಯ ಕಾಲಿನ ಹಗ್ಗವೊಂದನ್ನು ನನಗೆ ಕೊಡದಿದ್ದರೂ ಬಿಡುವುದಿಲ್ಲ. ಬಾಕಿ ಚಿಕ್ಕದು ಎಂದು ಬಿಟ್ಟುಕೊಟ್ಟರೆ ಬಾಕಿ ಕೇಳುವ ಹಕ್ಕನ್ನೇ ಬಿಟ್ಟುಕೊಟ್ಟಂತೆ ಎಂಬುದು ಅವರಿಗೆ ಗೊತ್ತಿತ್ತು. ವಸೂಲಿ ಇಲಾಖೆಯ ಯಾವ ಅಧಿಕಾರಿಯೂ ಇದನ್ನು ಒಪ್ಪುತ್ತಾನೆ.

ವಸೂಲಿಗೆ ಹೋದವರ ಮೊಂಡುತನದಿಂದಲೂ ಬೆಂಕಿ ಹತ್ತಿದೆ. ಯೆಮನ್ ಕಡೆಯ ಹದ್ರಮೌತ್‌ನಲ್ಲಿ ಕಿಂದಾ ಕುಲದವರ ದಂಗೆ ಶುರುವಾದದ್ದು ಒಂದು ಒಂಟೆಯಿಂದ. ವಸೂಲಿಗಾರ ಝಿಯಾದ್ ಬಿನ್ ಲಬೀದ್ ಅದಕ್ಕೆ ಝಕಾತ್‌ನ ಮುದ್ರೆ ಒತ್ತಿಸಿಬಿಟ್ಟಿದ್ದರು. ಅದು ಪ್ರೀತಿಯ ಒಂಟೆ, ಅದರ ಬದಲು ಬೇರೆಯದನ್ನು ಕೊಡುತ್ತೇವೆ ಎಂದರೂ ಕೇಳಲಿಲ್ಲ. ಕೊನೆಗೆ ಅದು ನುಜೈರ್ ಕೋಟೆಯ ಮುತ್ತಿಗೆಯವರೆಗೆ ಹೋಯಿತು. ಇದನ್ನು ಹೇಳುವಾಗ ಮಾರ್ಗದರ್ಶಿ ನನ್ನ ಮುಖವನ್ನೇ ನೋಡುತ್ತಿದ್ದ. ನನ್ನ ಉದ್ಯೋಗ ಏನೆಂದು ಅಷ್ಟರಲ್ಲಿ ಅವನಿಗೆ ತಿಳಿದಿತ್ತು.

ಅಲ್ಲಿಂದ ಮುಂದೆ ಜುಬೈಲ. ನಗರದ ವಾಯವ್ಯಕ್ಕೆ, ಮುಕ್ಕಾಲು ಗಂಟೆಯ ದಾರಿ. (ಪೂರ್ವ ಕರಾವಳಿಯ ಕೈಗಾರಿಕಾ ನಗರ ಜುಬೈಲ್ ಬೇರೆ. ಗೊಂದಲ ಮಾಡಿಕೊಳ್ಳಬೇಡಿ.) ಅಖ್ರಬಾ ಕದನ, ಎಂದರೆ ಯಮಾಮ ಯುದ್ಧ, ನಡೆದದ್ದು ಈ ಬಯಲಿನಲ್ಲಿ ಎಂದು ಪರಂಪರೆ ಹೇಳುತ್ತದೆ. ಈ ಭಾಗದ ವಿವರಣೆಗಾಗಿಯೇ ಪ್ರವಾಸಕ್ಕೆ ಹೋಗಬಹುದು.

ಎದುರಾಳಿ ಬನೂ ಹನೀಫ ಕುಲದ ಮುಸೈಲಿಮ. ಇವನು ಝಕಾತ್ ಬಾಕಿದಾರ ಅಲ್ಲ, ತಾನೂ ಪ್ರವಾದಿ ಎಂದವನು. ಮುಹಮ್ಮದರು ಬದುಕಿದ್ದಾಗಲೇ ಅವರಿಗೆ ಪತ್ರ ಬರೆದು, ಅರ್ಧ ಭೂಮಿ ನಮ್ಮದು, ಅರ್ಧ ಖುರೈಷಿಗಳದು ಎಂದು ಪಾಲು ಕೇಳಿದ್ದ. ಭೂಮಿ ದೇವರದು, ತನಗೆ ಬೇಕಾದವರಿಗೆ ಅವನು ಕೊಡುತ್ತಾನೆ ಎಂಬ ಉತ್ತರ ಬಂದಿತ್ತು. ಜನ ಅವನ ಹಿಂದೆ ನಿಂತದ್ದು ಏಕೆ? ಮಾರ್ಗದರ್ಶಿ ಒಂದೇ ಮಾತು ಹೇಳಿದ, ಹಳೆಯ ಅರಬ್ ಇತಿಹಾಸಕಾರರು ದಾಖಲಿಸಿರುವ ಮಾತು ಅದು. ಮುಸೈಲಿಮನನ್ನು ಪರೀಕ್ಷಿಸಲು ಬಂದ ಒಬ್ಬ, ನೀನು ಸುಳ್ಳುಗಾರ ಎಂದು ಗೊತ್ತಾಯಿತು, ಆದರೆ (ಖುರೈಷಿಗಳು ಸೇರಿದ) ಮುದರ್ ವಂಶದ ಸತ್ಯವಂತನಿಗಿಂತ ನಮ್ಮ ರಬೀಆ ವಂಶದ ಸುಳ್ಳುಗಾರನೇ ನಮಗೆ ಮೇಲು ಎಂದನಂತೆ. ವ್ಯಾನಿನಲ್ಲಿದ್ದವರೆಲ್ಲ ನಕ್ಕರು. ನಮ್ಮ ಕಾಲದ ಯಾವ ಚುನಾವಣೆ ನೆನಪಾಯಿತು ಎಂದು ಯಾರೂ ಬಾಯಿ ಬಿಡಲಿಲ್ಲ.

ಕದನದ ವಿವರಣೆಯನ್ನು ಅವನು ಬಿಸಿಲಿನಲ್ಲಿ ನಿಂತೇ ಮಾಡಿದ, ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು. ಅಬೂಬಕರ್ ಅವರ ಸೇನಾಧಿಪತಿಗಳಾದ ಇಕ್ರಿಮ ಮತ್ತು ಶುರಹ್‌ಬೀಲ್ ಇಬ್ಬರೂ ಮೊದಲೇ ಇಲ್ಲಿಗೆ ಬಂದು ಪೆಟ್ಟು ತಿಂದಿದ್ದರು. ಆಮೇಲೆ ಬಂದವರು ಖಾಲಿದ್ ಬಿನ್ ವಲೀದ್, ಬುಝಾಖದಲ್ಲಿ ಅಸದ್ ಕುಲದ ತುಲೈಹನನ್ನು ಸೋಲಿಸಿದ ಬಿಸಿಯಲ್ಲಿ. ಮೊದಲ ಹೊಡೆತದಲ್ಲಿ ಹನೀಫದವರು ಮದೀನಾ ಸೇನೆಯನ್ನು ಹಿಮ್ಮೆಟ್ಟಿಸಿ ಖಾಲಿದ್ ಅವರ ಡೇರೆಯೊಳಗೇ ನುಗ್ಗಿದರು. ಆಗ ಖಾಲಿದ್ ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು: ಕಲಸಿಹೋಗಿದ್ದ ಸೇನೆಯನ್ನು ಕುಲವಾರು ಬೇರ್ಪಡಿಸಿದರು. ಯಾರು ಎಲ್ಲಿ ಹಿಂದೆ ಸರಿಯುತ್ತಾರೆ ಎಂದು ಎಲ್ಲರಿಗೂ ಕಾಣಬೇಕು. ಅದರ ನಂತರ ಯಾರೂ ಸುಲಭವಾಗಿ ಸರಿಯಲಿಲ್ಲ.

ಮುಸೈಲಿಮನ ಜನ ಗೋಡೆ ಕಟ್ಟಿದ ತೋಟವೊಂದರೊಳಗೆ ಸೇರಿಕೊಂಡರು. ‘ಸಾವಿನ ತೋಟ’ ಎಂದು ಅದಕ್ಕೆ ಆಮೇಲೆ ಹೆಸರಾಯಿತು. ಮದೀನಾ ಸೇನೆಯ ಬರಾ ಬಿನ್ ಮಾಲಿಕ್ ತನ್ನನ್ನು ಗೋಡೆಯಾಚೆ ಎಸೆಯಿರಿ ಎಂದು ಹಟ ಹಿಡಿದು, ಒಳಗೆ ಹಾರಿ, ಬಾಗಿಲು ತೆರೆದರು. ಮುಸೈಲಿಮನಿಗೆ ಈಟಿ ಎಸೆದವನು ವಹ್ಶಿ, ಉಹುದ್ ಕದನದಲ್ಲಿ ಪ್ರವಾದಿಯವರ ಚಿಕ್ಕಪ್ಪ ಹಂಝಾ ಅವರನ್ನು ಕೊಂದ ಅದೇ ವಹ್ಶಿ. ಒಬ್ಬ ಉತ್ತಮನನ್ನೂ ಒಬ್ಬ ನೀಚನನ್ನೂ ಕೊಂದೆ ಎಂದು ಅವನೇ ಮುಂದೆ ಹೇಳಿಕೊಳ್ಳುತ್ತಿದ್ದನಂತೆ. ಮದೀನಾದ ಉಮ್ಮು ಉಮಾರ ಎಂಬ ಮಹಿಳೆ ಈ ಕದನದಲ್ಲಿ ಒಂದು ಕೈ ಕಳೆದುಕೊಂಡರು. ಕುರ್‌ಆನ್ ಕಂಠಪಾಠ ಇದ್ದ ಎಷ್ಟೋ ಜನ ಇಲ್ಲಿ ಸತ್ತದ್ದರಿಂದಲೇ ಅದನ್ನು ಒಂದೆಡೆ ಬರೆದಿಡುವ ಕೆಲಸ ಝೈದ್ ಬಿನ್ ಸಾಬಿತ್ ಅವರಿಗೆ ಬಂತು. ಕರಪತ್ರ ಇದನ್ನು ಮರೆತೇಬಿಟ್ಟಿದೆ. ಬದಲಿಗೆ ಮುಸೈಲಿಮನ ಸೇನೆ 40,000 ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದೆ. ಇಷ್ಟು ದುಂಡಾದ ಅಂಕಿ ಕಂಡಲ್ಲಿ ಪಕ್ಕಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ಹಾಕುವುದು ನನ್ನ ಅಭ್ಯಾಸ.

ಸಮೀಪದಲ್ಲೇ ಗೋಡೆ ಕಟ್ಟಿದ ಸ್ಮಶಾನವಿದೆ. ಈ ಕದನದಲ್ಲಿ ಸತ್ತವರದು. ನಾವು ಹೊರಗೇ ನಿಂತೆವು, ಫೋಟೋ ಬೇಡ ಎಂದ ಮಾರ್ಗದರ್ಶಿ. ಉಮರ್ ಅವರ ಅಣ್ಣ ಝೈದ್ ಬಿನ್ ಖತ್ತಾಬ್ ಸತ್ತದ್ದು ಇದೇ ಕದನದಲ್ಲಿ. ಅವರ ಸಮಾಧಿಯ ಮೇಲೆ ಒಂದು ಕಾಲಕ್ಕೆ ಗುಮ್ಮಟವಿತ್ತು. 18ನೆಯ ಶತಮಾನದಲ್ಲಿ ಪಕ್ಕದ ಉಯೈನಾದ ಧರ್ಮಸುಧಾರಕ ಮುಹಮ್ಮದ್ ಬಿನ್ ಅಬ್ದುಲ್ ವಹ್ಹಾಬ್ ಅದನ್ನು ಕೆಡವಿಸಿದರು. ಈಗ ಯಾವ ಕಲ್ಲಿನ ಮೇಲೂ ಹೆಸರಿಲ್ಲ.

ಇಲ್ಲಿ ಮಾರ್ಗದರ್ಶಿ ತನ್ನ ಕುಲದ ಮಾಲಿಕ್ ಬಿನ್ ನುವೈರನ ಕಥೆ ತೆಗೆದ. ಮಾಲಿಕ್ ಪ್ರವಾದಿಯವರು ನೇಮಿಸಿದ ವಸೂಲಿಗಾರ. ಅವರ ಮರಣದ ಸುದ್ದಿ ಬಂದಾಗ ಸಂಗ್ರಹವಾಗಿದ್ದ ಒಂಟೆಗಳನ್ನು ಮದೀನಾಕ್ಕೆ ಕಳುಹಿಸದೆ ತನ್ನವರಿಗೇ ಹಿಂದಿರುಗಿಸಿದ. ಖಾಲಿದ್ ಅವರ ದಂಡು ಬುತಾಹ್‌ನಲ್ಲಿ ಅವನನ್ನು ಹಿಡಿದು ಕೊಂದಿತು. ಮಾಲಿಕ್‌ನ ಕಡೆಯವರು ಬಾಂಗ್ ಕೂಗಿ ನಮಾಝ್ ಮಾಡಿದ್ದನ್ನು ತಾನು ಕಂಡಿದ್ದೇನೆ ಎಂದು ಅದೇ ದಂಡಿನ ಅಬೂ ಖತಾದ ಪ್ರತಿಭಟಿಸಿ ಮದೀನಾಕ್ಕೆ ಹೊರಟುಹೋದರು. ಖಾಲಿದ್ ಸತ್ತವನ ಹೆಂಡತಿಯನ್ನೇ ಮದುವೆಯಾದರು. ಶಿಕ್ಷೆ ಆಗಲೇಬೇಕು ಎಂದರು ಉಮರ್. ಅಬೂಬಕರ್ ಒಪ್ಪಲಿಲ್ಲ, ಸೇನಾಧಿಪತಿಯನ್ನು ಉಳಿಸಿಕೊಂಡು, ಮಾಲಿಕ್‌ನ ಮನೆಯವರಿಗೆ ರಕ್ತಪರಿಹಾರ ಕೊಟ್ಟರು. “ಧರ್ಮ ತೊರೆದವನಿಗೆ ರಕ್ತಪರಿಹಾರ ಕೊಡುತ್ತಾರೆಯೇ?” ಎಂದು ಕೇಳಿ ಯುವಕ ಸುಮ್ಮನಾದ. ಈಜಿಪ್ಟಿನ ಹಿರಿಯರು ಬೇರೆ ವ್ಯಾಖ್ಯಾನ ಕೊಟ್ಟರು, ಮಾಲಿಕ್‌ನ ಮಾತಿನಲ್ಲೇ ನಿರಾಕರಣೆ ಇತ್ತು ಎಂದು. ಇಬ್ಬರಿಗೂ ಸ್ವಲ್ಪ ಹೊತ್ತು ಅರಬಿಯಲ್ಲಿ ಬಿರುಸಿನ ಮಾತಾಯಿತು. ಮಾರ್ಗದರ್ಶಿ ದನಿ ಏರಿಸಲಿಲ್ಲ, ಸೋಲಲೂ ಇಲ್ಲ. ಹದಿಮೂರು ಶತಮಾನ ದಾಟಿದ ಕಡತ ಇನ್ನೂ ಮುಚ್ಚಿಲ್ಲ ಎಂದು ನನಗೆ ತಿಳಿದದ್ದು ಆ ಜಗಳದಿಂದ.

ಆಮೇಲೆ ಅವನು ಹೇಳಿದ್ದು ಮಾಲಿಕ್‌ನ ತಮ್ಮ ಮುತಮ್ಮಿಮ್‌ನ ವಿಷಯ. ಅಣ್ಣನಿಗಾಗಿ ಅವನು ಕಟ್ಟಿದ ಶೋಕಗೀತೆಗಳು ಅರಬಿ ಕಾವ್ಯದಲ್ಲಿ ಇಂದಿಗೂ ನಿಂತಿವೆ. ಉಮರ್ ಒಮ್ಮೆ ಅವನ್ನು ಕೇಳಿ, ನನಗೂ ಹಾಡು ಕಟ್ಟಲು ಬರುತ್ತಿದ್ದರೆ ನನ್ನ ಅಣ್ಣ ಝೈದ್‌ಗಾಗಿ ಹೀಗೆಯೇ ಅಳುತ್ತಿದ್ದೆ ಎಂದರಂತೆ. ನನ್ನ ಅಣ್ಣ ನಿಮ್ಮ ಅಣ್ಣ ಸತ್ತ ಹಾಗೆ ಸತ್ತಿದ್ದರೆ ನಾನು ಅಳುತ್ತಲೇ ಇರಲಿಲ್ಲ ಎಂದು ಮುತಮ್ಮಿಮ್ ಉತ್ತರಿಸಿದನಂತೆ. ಒಬ್ಬ ಅಣ್ಣ ಖಾಲಿದ್ ಅವರ ಸೇನೆಯಲ್ಲಿ ಸತ್ತವನು, ಇನ್ನೊಬ್ಬ ಅದೇ ಸೇನೆಯಿಂದ ಸತ್ತವನು. ಇದನ್ನು ಆ ಗೋಡೆಯ ಪಕ್ಕದಲ್ಲಿ ನಿಂತು ಹೇಳುವ ಜಾಣ್ಮೆ ಯಾವ ಕರಪತ್ರಕ್ಕೂ ಬಾರದು.

ಊಟ ಉಯೈನಾದಲ್ಲಿ. ಕಬ್ಸಾ ಬಿಸಿಯಾಗಿತ್ತು, ಮಾಂಸ ಮೆತ್ತಗಿತ್ತು, ಸಸ್ಯಾಹಾರಿಗಳಿಗೆ ಬರೀ ಅನ್ನ ಮತ್ತು ಮೊಸರು. ಮೊದಲೇ ಹೇಳಿಟ್ಟರೂ ಬೇರೇನೂ ಮಾಡುವುದಿಲ್ಲ. ಊಟದ ಹೊತ್ತಿಗೆ ಕೇಳಿದ ಮುಜ್ಜಾಅನ ಕಥೆ ಕಬ್ಸಾಕ್ಕಿಂತ ರುಚಿಯಾಗಿತ್ತು. ಸೆರೆಯಾಗಿದ್ದ ಈ ಹನೀಫ ನಾಯಕ ಕೋಟೆಗಳಲ್ಲಿದ್ದ ಹೆಂಗಸರಿಗೆ ಕವಚ ತೊಡಿಸಿ ಗೋಡೆಯ ಮೇಲೆ ನಿಲ್ಲಿಸಿ, ಒಳಗೆ ಇನ್ನೂ ಸೇನೆ ಇದೆ ಎಂದು ಖಾಲಿದ್ ಅವರನ್ನು ನಂಬಿಸಿ, ಹಗುರವಾದ ಷರತ್ತಿನ ಮೇಲೆ ಸಂಧಿ ಮಾಡಿಸಿಕೊಂಡ. ಗುಟ್ಟು ತಿಳಿದ ಮೇಲೂ ಖಾಲಿದ್ ಮಾತಿಗೆ ತಪ್ಪಲಿಲ್ಲ. ಮೇಲಾಗಿ ಅವನ ಮಗಳನ್ನೇ ಮದುವೆಯಾದರು. 1200 ಮುಸ್ಲಿಮರ ರಕ್ತ ನಿನ್ನ ಅಂಗಳದಲ್ಲಿ ಇನ್ನೂ ಒಣಗಿಲ್ಲ, ನಿನಗೆ ಮದುವೆಯೇ ಎಂದು ಅಬೂಬಕರ್ ಬರೆದ ಪತ್ರ ಬಂತು.

ಊಟದ ನಂತರ ಪ್ರವಾಸ ಸೊರಗುತ್ತದೆ. ದಿರ್‌ಇಯ್ಯಾಗೆ ಕರೆತಂದು ಅಂಗಡಿ, ಕಾಫಿ, ಫೋಟೋ ಎಂದು ಸಂಜೆಯವರೆಗೆ ಕೂರಿಸುತ್ತಾರೆ. ಮಣ್ಣಿನ ಗೋಡೆಗಳ ತುರೈಫ್ ಬಡಾವಣೆ ಚಂದವೇ, 2010ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲೂ ಇದೆ. ಆದರೆ ಅದು ಮೊದಲ ಸೌದಿ ರಾಜ್ಯದ ಕಥೆ, ಈ ಯುದ್ಧಗಳಾಗಿ ಸಾವಿರ ವರ್ಷ ಕಳೆದ ಮೇಲಿನದು. ಆ ಹೊತ್ತಿನಲ್ಲಿ, ಬಂಡೆದ್ದವರಿಗೆ ಮುಂದೆ ಏನಾಯಿತು ಎಂದು ಹೇಳಬಹುದಿತ್ತು. ನಾನು ಕೇಳಿದ್ದಕ್ಕೆ ಮಾರ್ಗದರ್ಶಿ ನಡೆಯುತ್ತಲೇ ಹೇಳಿದ. ತಾನೂ ಪ್ರವಾದಿ ಎಂದಿದ್ದ ತುಲೈಹ ಸಿರಿಯಾಕ್ಕೆ ಓಡಿಹೋಗಿ, ಮತ್ತೆ ಇಸ್ಲಾಂಗೆ ಬಂದು, ಕಾದಿಸಿಯ್ಯದಲ್ಲಿ ಪರ್ಷಿಯನ್ನರ ವಿರುದ್ಧ ಮುಸ್ಲಿಮರ ಪಕ್ಷದಲ್ಲಿ ಕಾದಿದ. ನುಜೈರ್‌ನಲ್ಲಿ ಶರಣಾದ ಕಿಂದಾ ನಾಯಕ ಅಶ್‌ಅಸ್ ಜೀವದಾನದ ಪಟ್ಟಿಯಲ್ಲಿ ತನ್ನವರ ಹೆಸರೆಲ್ಲ ಬರೆಸಿ ತನ್ನ ಹೆಸರನ್ನೇ ಬರೆಸಲು ಮರೆತಿದ್ದನಂತೆ. ಆದರೂ ಉಳಿದ, ಅಬೂಬಕರ್ ಅವರ ತಂಗಿಯನ್ನೇ ಮದುವೆಯಾದ. ಹಳೆಯ ಬಂಡಾಯಗಾರರನ್ನು ಸೇನೆಗೆ ಸೇರಿಸಬಾರದು ಎಂಬ ಅಬೂಬಕರ್ ಅವರ ನಿಯಮವನ್ನು ಉಮರ್ ಸಡಿಲಿಸಿದರು. ಇಷ್ಟು ಒಳ್ಳೆಯ ಸಾಮಗ್ರಿಯನ್ನು ಸುಗಂಧದ್ರವ್ಯದ ಅಂಗಡಿಗಳ ಮುಂದೆ ನಿಂತು ಕೇಳಬೇಕಾಯಿತು.

ಹೋಗುವವರು ನವೆಂಬರ್‌ನಿಂದ ಫೆಬ್ರುವರಿಯೊಳಗೆ ಹೋಗಿ, ಜುಬೈಲದಲ್ಲಿ ನೆರಳಿಲ್ಲ. ಕತ್ತಿವರಸೆಯ ವೇಷಧಾರಿಗಳನ್ನು, ಧ್ವನಿ ಬೆಳಕಿನ ಆಟವನ್ನು ನಿರೀಕ್ಷಿಸುವವರಿಗೆ, ಸಣ್ಣ ಮಕ್ಕಳಿಗೆ ಇದು ಹೇಳಿಸಿದ್ದಲ್ಲ. ಬುಕ್ ಮಾಡುವಾಗ ತಮೀಮ್ ಕುಲದ ಮಾರ್ಗದರ್ಶಿಯೇ ಬೇಕು ಎಂದು ಬರೆಯಿರಿ. ಬೇರೆಯವರು ಬಂದರೆ ಕರಪತ್ರವನ್ನೇ ಗಟ್ಟಿಯಾಗಿ ಓದುತ್ತಾರೆ ಎಂದು ಜೊತೆಗಿದ್ದವರೊಬ್ಬರು ಹೇಳಿದರು. ಅಲ್ ಅಹ್ಸಾದ ಜವಾಸಾ ಮಸೀದಿಗೂ ಇಂಥದೇ ಪ್ರವಾಸ ಶುರು ಮಾಡಿ ಎಂದು ಕಂಪನಿಗೆ ಬರೆದಿದ್ದೇನೆ. ಪೂರ್ವ ಅರೇಬಿಯಾದ ಕುಲಗಳು ತಿರುಗಿಬಿದ್ದಾಗ ನಿಷ್ಠೆ ಬಿಡದವರು ಮುತ್ತಿಗೆಗೆ ಸಿಕ್ಕಿ ಹಸಿದದ್ದು ಅಲ್ಲಿಯೇ. ಉತ್ತರವಾಗಿ ಮರಳುಗುಡ್ಡದ ಪ್ರವಾಸಕ್ಕೆ ಶೇ 10ರ ರಿಯಾಯಿತಿಯ ಕೂಪನ್ ಕಳುಹಿಸಿದ್ದಾರೆ. ಅದೂ ತೆರಿಗೆ ಹೊರತುಪಡಿಸಿ.